ಮತ ಕೊಟ್ಟವರು ಲೆಕ್ಕ ಕೇಳಬೇಡವೇ?

ಚುನಾವಣಾ ಫಲಿತಾಂಶ ಹೊರಬಿದ್ದ ಮರುದಿನ ನಾವೆಲ್ಲರೂ ಅಂಕಿ-ಅಂಶ ತಜ್ಞರಾಗುತ್ತೇವೆ. ಯಾವ ವಾರ್ಡಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು, ಯಾವ ಮೊಹಲ್ಲಾ ಯಾರ ಕೈ ಹಿಡಿಯಿತು, ಯಾವ ಜಾತಿ ಯಾವ ಕಡೆಗೆ ವಾಲಿತು ಎಂಬುದನ್ನು ಬೂತ್‌ವಾರು ಅಳೆದು ತೂಗುತ್ತೇವೆ. ಪ್ರಜೆ ಹೇಗೆ ಮತ ಹಾಕಿದ ಎಂಬ ವಿಷಯದಲ್ಲಿ ನಮಗಿರುವ ಈ ಕುತೂಹಲ, ಆತ ಆರಿಸಿ ಕಳುಹಿಸಿದ ಪ್ರತಿನಿಧಿ ಸದನದೊಳಗೆ ಹೇಗೆ ಮತ ಹಾಕಿದರು ಎಂಬ ವಿಷಯದಲ್ಲಿ ಯಾಕಿಲ್ಲ? ನಿಜವಾಗಿ, ಪ್ರಜಾಪ್ರಭುತ್ವದ ನಿಯಮ ಇದಕ್ಕೆ ತದ್ವಿರುದ್ಧ. ಗುಪ್ತವಾಗಿರಬೇಕಾದದ್ದು ಪ್ರಜೆಯ ಮತ. ಬಹಿರಂಗವಾಗಿರಬೇಕಾದದ್ದು ಪ್ರತಿನಿಧಿಯ ಮತ. ಪ್ರಜೆಯ ಮತ ಅವನ ಸ್ವಂತದ್ದು. ಪ್ರತಿನಿಧಿಯ ಮತವಾದರೋ ಲಕ್ಷಾಂತರ ಮಂದಿ ಅವರ ಕೈಯಲ್ಲಿಟ್ಟ ಅಮಾನತ್ತು. ಅಮಾನತ್ತು ಇಟ್ಟವರಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ. ಹಕ್ಕು ಮಾತ್ರವಲ್ಲ, ಹೊಣೆಯೂ ಇದೆ.

ಈ ಲೆಕ್ಕ ಕೇಳುವ ಕೆಲಸವನ್ನು ಗಂಭೀರವಾಗಿ ಎತ್ತಿಕೊಂಡ ಒಂದು ಉದಾಹರಣೆ ನಮ್ಮಿಂದ ಬಹುದೂರದಲ್ಲಿ, ಐರೋಪ್ಯ ಒಕ್ಕೂಟದ ಸಂಸತ್ತಿನಲ್ಲಿದೆ. 1979ರ ಜೂನ್‌ನಲ್ಲಿ ಈ ಸಂಸತ್ತಿಗೆ ಮೊದಲ ಬಾರಿ ನೇರ ಚುನಾವಣೆ ನಡೆಯಿತು. 2024ರ ಜೂನ್ 6ರಿಂದ 9ರ ವರೆಗೆ ನಡೆದ ಚುನಾವಣೆಯಲ್ಲಿ 27 ದೇಶಗಳ ಮತದಾರರು 720 ಸದಸ್ಯರನ್ನು ಆರಿಸಿದರು. 24 ಅಧಿಕೃತ ಭಾಷೆಗಳಲ್ಲಿ ಕಲಾಪ ನಡೆಯುವ ಈ ಸಂಸತ್ತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಮತ್ತು ಬೆಲ್ಜಿಯಂನ ಬ್ರಸೆಲ್ಸ್ ನಗರಗಳಲ್ಲಿ ಸೇರುತ್ತದೆ. ಸದಸ್ಯರು ಕುಳಿತುಕೊಳ್ಳುವುದು ದೇಶವಾರು ಅಲ್ಲ, ರಾಜಕೀಯ ಗುಂಪುವಾರು. ಒಂದು ಗುಂಪು ರಚನೆಯಾಗಬೇಕಾದರೆ ಕನಿಷ್ಠ 23 ಸದಸ್ಯರು ಬೇಕು ಮತ್ತು ಅವರು ಒಕ್ಕೂಟದ ಕಾಲು ಭಾಗದಷ್ಟು ದೇಶಗಳಿಂದಾದರೂ ಬಂದವರಾಗಿರಬೇಕು.

ಇಲ್ಲಿಯೇ ಮತದಾರನ ಕಷ್ಟ ಆರಂಭವಾಗುತ್ತದೆ. ಪೋಲೆಂಡಿನ ಅಥವಾ ಪೋರ್ಚುಗಲ್‌ನ ಓರ್ವ ಮತದಾರ ತನ್ನ ದೇಶದ ಪಕ್ಷಕ್ಕೆ ಮತ ಹಾಕುತ್ತಾನೆ. ಆ ಪಕ್ಷದ ಸದಸ್ಯರು ಸ್ಟ್ರಾಸ್‌ಬರ್ಗ್ ತಲುಪಿದ ಬಳಿಕ, ಅವನು ಹೆಸರನ್ನೇ ಕೇಳಿರದ ಒಂದು ಗುಂಪಿನೊಳಗೆ ಸೇರಿಕೊಳ್ಳುತ್ತಾರೆ. ಊರಿನ ಪತ್ರಿಕೆಗಳಲ್ಲಿ ಅಲ್ಲಿನ ಕಲಾಪ ವರದಿಯಾಗುವುದೂ ಕಡಿಮೆ. ಊರಲ್ಲಿ ಒಂದು ಮಾತು, ಸದನದಲ್ಲಿ ಇನ್ನೊಂದು ಮತ ಎಂಬ ದ್ವಂದ್ವಕ್ಕೆ ಇದಕ್ಕಿಂತ ಅನುಕೂಲಕರವಾದ ಸ್ಥಳ ಬೇರೆ ಯಾವುದಿದೆ? 1979ರಲ್ಲಿ ಶೇ. 62ರಷ್ಟಿದ್ದ ಮತದಾನ 2014ರ ವೇಳೆಗೆ ಶೇ. 43ಕ್ಕಿಂತಲೂ ಕೆಳಗೆ ಜಾರಿ, 2024ರಲ್ಲಿ ಶೇ. 51ರ ಆಸುಪಾಸಿಗೆ ಬಂದು ನಿಂತಿತು. ಏನು ನಡೆಯುತ್ತದೆಂದೇ ತಿಳಿಯದ ಸದನಕ್ಕೆ ಮತ ಹಾಕಲು ಜನ ಉತ್ಸಾಹ ತೋರದಿದ್ದರೆ ಅದು ಅಚ್ಚರಿಯಲ್ಲ.

ಆ ಸಂಸತ್ತಿನಲ್ಲಿ ಮತ ಎಣಿಸುವುದಕ್ಕೆ ಕೆಲವು ಕ್ರಮಗಳಿವೆ. ಸಾಮಾನ್ಯವಾದದ್ದು ಕೈ ಎತ್ತುವುದು. ಅಧ್ಯಕ್ಷರು ಕಣ್ಣಳತೆಯಲ್ಲಿ ನೋಡಿ ಅಂಗೀಕಾರವಾಯಿತು ಅಥವಾ ತಿರಸ್ಕೃತವಾಯಿತು ಎಂದು ಘೋಷಿಸುತ್ತಾರೆ. ಸಂದೇಹ ಬಂದರೆ ಯಂತ್ರದ ಮೂಲಕ ಎಣಿಕೆಯಾಗುತ್ತದೆ. ಇನ್ನೊಂದು ಹೆಸರುವಾರು ಮತದಾನ. ಇದರಲ್ಲಿ ಪ್ರತಿ ಸದಸ್ಯರ ಹೆಸರಿನ ಮುಂದೆ ಪರ, ವಿರುದ್ಧ ಅಥವಾ ತಟಸ್ಥ ಎಂದು ದಾಖಲಾಗಿ, ಕಲಾಪದ ನಡಾವಳಿಯೊಂದಿಗೆ ಪ್ರಕಟವಾಗುತ್ತದೆ. ಕೊನೆಯದು ಗುಪ್ತ ಮತದಾನ. ಯಾವುದೇ ರಾಜಕೀಯ ಗುಂಪು ಹಿಂದಿನ ದಿನ ಸಂಜೆಯೊಳಗೆ ಲಿಖಿತವಾಗಿ ಕೇಳಿದರೆ ಹೆಸರುವಾರು ಮತದಾನ ನಡೆಸಲೇಬೇಕು. ಅಲ್ಲದೆ, ಶಾಸನಗಳ ಮೇಲಿನ ಅಂತಿಮ ಮತದಾನ ಹೆಸರುವಾರಾಗಿಯೇ ನಡೆಯಬೇಕೆಂಬ ನಿಯಮ 2009ರಿಂದ ಜಾರಿಯಲ್ಲಿದೆ. ಅಂದರೆ, ಕಾನೂನು ಮಾಡುವ ಕೈ ಯಾರದ್ದು ಎಂಬುದು ಗುಂಪಿನೊಳಗೆ ಅಡಗಿಕೊಳ್ಳುವಂತಿಲ್ಲ.

ಇನ್ನೂ ಮಹತ್ವದ ಸಂಗತಿಯೊಂದಿದೆ. ಸದಸ್ಯರು ವೈಯಕ್ತಿಕ ನೆಲೆಯಲ್ಲಿ ಮತ ಹಾಕಬೇಕು, ಯಾರ ಆಜ್ಞೆಗೂ ಬದ್ಧರಾಗಿರಬೇಕಿಲ್ಲ ಎಂದು 1976ರಲ್ಲಿ ರೂಪುಗೊಂಡ ಅಲ್ಲಿನ ಚುನಾವಣಾ ಕಾಯ್ದೆ ಹೇಳುತ್ತದೆ. ಗುಂಪುಗಳು ತಮ್ಮ ಸದಸ್ಯರಿಗೆ ಮತಪಟ್ಟಿ ಹಂಚುತ್ತವೆ, ಒತ್ತಡವನ್ನೂ ಹೇರುತ್ತವೆ. ಆದರೆ ಅದನ್ನು ಮೀರಿದವರ ಸದಸ್ಯತ್ವ ರದ್ದಾಗುವುದಿಲ್ಲ. ಆದ್ದರಿಂದ, 'ಪಕ್ಷದ ಆಜ್ಞೆಯಿತ್ತು, ನಾನೇನು ಮಾಡಲಿ' ಎಂದು ಕೈ ತೊಳೆದುಕೊಳ್ಳುವ ಅವಕಾಶ ಅಲ್ಲಿನ ಸದಸ್ಯರಿಗಿಲ್ಲ. ಮತ ಅವರದು, ಉತ್ತರವೂ ಅವರದೇ.

ದಾಖಲೆ ಇದೆ ಎಂದಮಾತ್ರಕ್ಕೆ ಅದು ಜನರಿಗೆ ತಲುಪಿತು ಎಂದರ್ಥವಲ್ಲ. ಸಂಸತ್ತು ಪ್ರಕಟಿಸುವ ಪಟ್ಟಿಯಲ್ಲಿ ಹೆಸರುಗಳು ಗುಂಪುವಾರು ಇರುತ್ತವೆ. 'ತಿದ್ದುಪಡಿ 17, ಎರಡನೇ ಭಾಗ' ಎಂಬಂಥ ಶೀರ್ಷಿಕೆಯಡಿ ನೂರಾರು ಹೆಸರುಗಳು. ಆ ತಿದ್ದುಪಡಿ ಏನು ಹೇಳುತ್ತದೆ ಎಂದು ತಿಳಿಯಲು ಬೇರೆ ದಾಖಲೆ ತೆರೆಯಬೇಕು. ಸೈಮನ್ ಹಿಕ್ಸ್, ಅಬ್ದುಲ್ ನೂರಿ ಮತ್ತು ಜೆರಾರ್ಡ್ ರೋಲಾಂಡ್ ಎಂಬ ವಿದ್ವಾಂಸರು 1979ರಿಂದ 2004ರ ವರೆಗಿನ ಹೆಸರುವಾರು ಮತಗಳನ್ನು ಕಲೆಹಾಕಿ ಅಧ್ಯಯನ ನಡೆಸಿ 2007ರಲ್ಲಿ ಪುಸ್ತಕ ಪ್ರಕಟಿಸಿದರು. ಸದಸ್ಯರು ತಮ್ಮ ದೇಶದ ಇತರ ಸದಸ್ಯರೊಂದಿಗೆ ಸೇರಿ ಮತ ಹಾಕುವುದಕ್ಕಿಂತ ಹೆಚ್ಚಾಗಿ ತಮ್ಮ ರಾಜಕೀಯ ಗುಂಪಿನೊಂದಿಗೆ ಮತ ಹಾಕುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಎಂದರೆ, 'ನಾನು ನಮ್ಮ ದೇಶಕ್ಕಾಗಿ ಹೋರಾಡುತ್ತೇನೆ' ಎಂದು ಊರಲ್ಲಿ ಭಾಷಣ ಬಿಗಿಯುವವರು ಸದನದಲ್ಲಿ ಮಾಡುತ್ತಿದ್ದದ್ದೇ ಬೇರೆ. ಅದನ್ನು ಹೇಳಿದ್ದು ಯಾವುದೇ ವಿರೋಧ ಪಕ್ಷವಲ್ಲ, ಸ್ವತಃ ಅವರದೇ ಮತಗಳು.

2009ರಲ್ಲಿ ಇದೇ ಕೆಲಸವನ್ನು ಸಾಮಾನ್ಯ ಓದುಗರಿಗೆ ಎಟುಕುವಂತೆ ಮಾಡಲು ವೋಟ್‌ವಾಚ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಓರ್ವ ಸದಸ್ಯರ ಹೆಸರು ಹುಡುಕಿದರೆ, ಅವರು ಯಾವ ಗೊತ್ತುವಳಿಗೆ ಹೇಗೆ ಮತ ಹಾಕಿದರು, ತಮ್ಮ ಗುಂಪಿನಿಂದ ಎಷ್ಟು ಸಲ ದೂರ ಸರಿದರು, ಎಷ್ಟು ಮತದಾನಗಳಿಗೆ ಗೈರುಹಾಜರಾದರು ಎಂಬುದೆಲ್ಲ ಸಿಗುತ್ತಿತ್ತು. ಆ ಸಂಸ್ಥೆ 2022ರಲ್ಲಿ ಬಾಗಿಲು ಮುಚ್ಚಿತು. ಈಗ 'ಹೌ ದೇ ವೋಟ್' ಎಂಬ ಹೆಸರಿನಲ್ಲಿ ಕೆಲವು ಯುವಕರು ಅಂಥದ್ದೇ ಕೆಲಸ ಮಾಡುತ್ತಿದ್ದಾರೆ. ಇದರಲ್ಲೊಂದು ಪಾಠವಿದೆ. ಮತ ದಾಖಲಿಸುವ ಕೆಲಸ ಸಂಸತ್ತಿನದು. ಅದನ್ನು ಓದುವಂತೆ ಮಾಡುವ ಕೆಲಸ ನಾಗರಿಕರದು. ನಾಗರಿಕರು ಕೈ ಬಿಟ್ಟ ದಿನ ದಾಖಲೆ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಓರ್ವ ಸದಸ್ಯರ ಒಂದು ಮತದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 2023ರ ಜುಲೈ 12ರಂದು ನಿಸರ್ಗ ಪುನಶ್ಚೇತನ ಕಾಯ್ದೆಯನ್ನು ಸಾರಾಸಗಟಾಗಿ ತಿರಸ್ಕರಿಸಬೇಕೆಂಬ ಸೂಚನೆ ಅಲ್ಲಿ ಮತಕ್ಕೆ ಬಂತು. ಅತಿದೊಡ್ಡ ಗುಂಪಾದ ಯುರೋಪಿಯನ್ ಪೀಪಲ್ಸ್ ಪಾರ್ಟಿಯ ನಾಯಕತ್ವ ತಿರಸ್ಕಾರದ ಪರವಾಗಿತ್ತು. ಫಲಿತಾಂಶ: ತಿರಸ್ಕಾರದ ಪರ 312, ವಿರುದ್ಧ 324, ತಟಸ್ಥ 12. ಕೇವಲ ಏಳು ಮಂದಿ ಅತ್ತಿಂದಿತ್ತ ಸರಿದಿದ್ದರೆ ಕಾಯ್ದೆ ಅಂದೇ ಸತ್ತುಹೋಗುತ್ತಿತ್ತು. ಅದನ್ನು ಉಳಿಸಿದವರಲ್ಲಿ ಅದೇ ದೊಡ್ಡ ಗುಂಪಿನ, ತಮ್ಮ ನಾಯಕರ ಮಾತು ಮೀರಿದ ಸದಸ್ಯರೂ ಇದ್ದರು. ಅವರ ಹೆಸರುಗಳು ದಾಖಲೆಯಲ್ಲಿವೆ. ಅವರನ್ನು ಮೆಚ್ಚಬೇಕೋ ಟೀಕಿಸಬೇಕೋ ಎಂಬುದು ಅವರ ಮತದಾರರಿಗೆ ಬಿಟ್ಟದ್ದು. ಆದರೆ ಅದನ್ನು ನಿರ್ಧರಿಸಲು ಬೇಕಾದ ಮಾಹಿತಿ ಅವರ ಮುಂದಿದೆ.

2019ರ ಮಾರ್ಚ್ 26ರ ಘಟನೆ ಇನ್ನಷ್ಟು ವಿಚಿತ್ರವಾದದ್ದು. ಅಂತರ್ಜಾಲದ ಮೇಲೆ ಭಾರೀ ಪರಿಣಾಮ ಬೀರಲಿದ್ದ ಹಕ್ಕುಸ್ವಾಮ್ಯ ನಿರ್ದೇಶನ ಅಂದು ಅಂತಿಮ ಮತಕ್ಕೆ ಬಂದಿತ್ತು. ಅದರ ವಿವಾದಿತ ಕಲಮುಗಳನ್ನು ಪ್ರತ್ಯೇಕವಾಗಿ ಚರ್ಚೆಗೆತ್ತಿಕೊಳ್ಳಬೇಕೇ ಎಂಬ ಪ್ರಶ್ನೆಗೆ 312 ಮಂದಿ ಹೌದು ಎಂದರು, 317 ಮಂದಿ ಬೇಡ ಎಂದರು. ಐದೇ ಮತಗಳ ಅಂತರ. ಬಳಿಕ ನಿರ್ದೇಶನ 274ರ ವಿರುದ್ಧ 348 ಮತಗಳಿಂದ ಅಂಗೀಕಾರವಾಯಿತು. ಆ ನಂತರ ಹತ್ತಕ್ಕಿಂತ ಹೆಚ್ಚು ಸದಸ್ಯರು ತಾವು ಮೊದಲ ಪ್ರಶ್ನೆಗೆ ತಪ್ಪು ಗುಂಡಿ ಒತ್ತಿದ್ದಾಗಿ ತಿದ್ದುಪಡಿ ದಾಖಲಿಸಿದರು. ಆ ತಿದ್ದುಪಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಫಲಿತಾಂಶವೇ ತಿರುಗಿಬೀಳುತ್ತಿತ್ತು. ಆದರೆ ನಿಯಮದ ಪ್ರಕಾರ, ತಿದ್ದುಪಡಿ ದಾಖಲೆಗೆ ಸೇರುತ್ತದೆಯೇ ಹೊರತು ಫಲಿತಾಂಶ ಬದಲಾಗುವುದಿಲ್ಲ. ಹೆಸರುವಾರು ದಾಖಲೆ ಇಲ್ಲದಿರುತ್ತಿದ್ದರೆ ಇಂಥದ್ದೊಂದು ಎಡವಟ್ಟು ನಡೆದಿತ್ತೆಂಬುದೇ ಲೋಕಕ್ಕೆ ತಿಳಿಯುತ್ತಿರಲಿಲ್ಲ.

ಹಾಜರಿಯ ಕತೆಯೂ ಇದೆ. ಬ್ರಿಟನ್ ಒಕ್ಕೂಟದಿಂದ ಹೊರನಡೆದದ್ದು 2020ರ ಜನವರಿ 31ರಂದು. ಅದಕ್ಕಿಂತ ಮುಂಚೆ ನೈಜೆಲ್ ಫರಾಜ್ ಆ ಸಂಸತ್ತಿನಲ್ಲಿದ್ದುಕೊಂಡೇ ಅದರ ವಿರುದ್ಧ ಗುಡುಗುತ್ತಿದ್ದವರು. ಬ್ರಿಟನ್ನಿನ ಮೀನುಗಾರರಿಗೆ ಅನ್ಯಾಯವಾಗಿದೆ ಎಂಬುದು ಅವರ ಭಾಷಣಗಳ ಮುಖ್ಯ ಸರಕಾಗಿತ್ತು. ಆದರೆ ಮೀನುಗಾರಿಕಾ ಸಮಿತಿಯ ಸದಸ್ಯರಾಗಿದ್ದ ಮೂರು ವರ್ಷಗಳಲ್ಲಿ, 42 ಸಭೆಗಳ ಪೈಕಿ ಅವರು ಹಾಜರಾದದ್ದು ಒಂದೇ ಒಂದಕ್ಕೆ ಎಂದು ಗ್ರೀನ್‌ಪೀಸ್ ಸಂಸ್ಥೆ ಹಾಜರಿ ದಾಖಲೆಗಳನ್ನು ಪರಿಶೀಲಿಸಿ ಹೇಳಿತು. ಬಂದರಿನಲ್ಲಿ ಕಣ್ಣೀರು, ಸಮಿತಿಯಲ್ಲಿ ಖಾಲಿ ಕುರ್ಚಿ. ಈ ಅಂತರವನ್ನು ಬಯಲಿಗೆಳೆಯುವುದಕ್ಕೆ ಭಾಷಣ ಬೇಕಾಗಿಲ್ಲ, ಹಾಜರಿ ಪುಸ್ತಕ ಸಾಕು.

ಹಾಗಂತ, ಪರ-ವಿರುದ್ಧಗಳ ಗೆರೆಯನ್ನಷ್ಟೇ ನೋಡಿ ತೀರ್ಪು ಕೊಡುವುದು ಇನ್ನೊಂದು ಅಪಾಯ. ನಮ್ಮ ಓದುಗರಿಗೆ ಹತ್ತಿರವಾದ ಗಾಝಾದ ವಿಷಯವನ್ನೇ ತೆಗೆದುಕೊಳ್ಳೋಣ. 2023ರ ಅಕ್ಟೋಬರ್ 19ರಂದು ಆ ಸಂಸತ್ತು 500 ಮತಗಳಿಂದ ಗೊತ್ತುವಳಿಯೊಂದನ್ನು ಅಂಗೀಕರಿಸಿತು. ವಿರುದ್ಧ 21, ತಟಸ್ಥ 24. ಅದು ಕೇಳಿದ್ದು ಕದನ ವಿರಾಮವನ್ನಲ್ಲ, 'ಮಾನವೀಯ ಬಿಡುವ'ನ್ನು. 2024ರ ಜನವರಿ 18ರಂದು ಅಂಗೀಕಾರವಾದ ಗೊತ್ತುವಳಿಯಲ್ಲಿ ಶಾಶ್ವತ ಕದನ ವಿರಾಮ ಎಂಬ ಪದವೇನೋ ಬಂತು. ಆದರೆ ಒತ್ತೆಯಾಳುಗಳ ಬಿಡುಗಡೆ ಮತ್ತು ಹಮಾಸ್‌ನ ವಿಸರ್ಜನೆ ಎಂಬ ಶರತ್ತುಗಳೂ ಜೊತೆಗೆ ಬಂದವು. ಪರ 312, ವಿರುದ್ಧ 131, ತಟಸ್ಥ 72. 2025ರ ಸೆಪ್ಟೆಂಬರ್‌ನಲ್ಲಿ, ಫೆಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡುವುದನ್ನು ಸದಸ್ಯ ದೇಶಗಳು ಪರಿಗಣಿಸಬೇಕು ಎಂದ ಗೊತ್ತುವಳಿಗೆ ಪರ 305, ವಿರುದ್ಧ 151, ತಟಸ್ಥ 122.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಜನವರಿಯ ಗೊತ್ತುವಳಿಯಂಥ ಪಠ್ಯಕ್ಕೆ, ಕದನ ವಿರಾಮವೇ ಬೇಡ ಎನ್ನುವವರೂ ವಿರುದ್ಧ ಮತ ಹಾಕಬಹುದು, ಶರತ್ತುಗಳು ಕದನ ವಿರಾಮದ ಕತ್ತು ಹಿಸುಕುತ್ತವೆ ಎನ್ನುವವರೂ ವಿರುದ್ಧ ಮತ ಹಾಕಬಹುದು. ದಾಖಲೆಯಲ್ಲಿ ಇಬ್ಬರೂ ಒಂದೇ ಪಟ್ಟಿಯಲ್ಲಿರುತ್ತಾರೆ. ಪಠ್ಯ ಓದದೆ, ತಿದ್ದುಪಡಿಗಳಿಗೆ ಅವರು ಹೇಗೆ ಮತ ಹಾಕಿದರೆಂದು ನೋಡದೆ 'ಇವರು ನಮ್ಮ ಶತ್ರು' ಎಂದು ಮುದ್ರೆಯೊತ್ತುವುದು ಅನ್ಯಾಯ. ಅಲ್ಲದೆ, ಇವೆಲ್ಲ ಅಭಿಪ್ರಾಯ ಸೂಚಿಸುವ ಗೊತ್ತುವಳಿಗಳೇ ಹೊರತು ಕಾನೂನುಗಳಲ್ಲ. ವಿದೇಶಾಂಗ ನೀತಿಯ ಕೀಲಿಕೈ ಇರುವುದು ಸದಸ್ಯ ದೇಶಗಳ ಸರಕಾರಗಳ ಬಳಿಯೇ. ಕೆಲವೊಮ್ಮೆ ಎದುರಾಳಿಗಳನ್ನು ಇಕ್ಕಟ್ಟಿಗೆ ಸಿಲುಕಿಸಲೆಂದೇ ಗುಂಪುಗಳು ಹೆಸರುವಾರು ಮತದಾನ ಕೇಳುವುದೂ ಉಂಟು. ಕಾನೂನುಗಳ ನಿಜವಾದ ಕೊಡುಕೊಳು ಸಮಿತಿಗಳಲ್ಲಿ ಮತ್ತು ಮುಚ್ಚಿದ ಬಾಗಿಲಿನ ಸಂಧಾನಗಳಲ್ಲಿ ಮುಗಿದಿರುವುದೂ ಉಂಟು. ಮತದ ದಾಖಲೆ ಸತ್ಯದ ಒಂದು ಭಾಗ, ಪೂರ್ಣ ಸತ್ಯವಲ್ಲ. ಆದರೆ ಆ ಒಂದು ಭಾಗವೂ ಇಲ್ಲದಿದ್ದರೆ ಉಳಿಯುವುದು ವದಂತಿ ಮಾತ್ರ.

ಭಾರತದ ವಿಷಯವೂ ಆ ಸದನದಲ್ಲಿ ಬಂದುಹೋಗಿದೆ. 2020ರ ಜನವರಿ 29ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಅಲ್ಲಿ ಚರ್ಚೆ ನಡೆಯಿತು. ಮರುದಿನ ನಡೆಯಬೇಕಿದ್ದ ಮತದಾನ ಮಾತ್ರ ಮುಂದಕ್ಕೆ ಹೋಯಿತು. ಭಾಷಣಗಳು ಉಳಿದವು, ಮತಗಳು ದಾಖಲಾಗಲಿಲ್ಲ. 2023ರ ಜುಲೈ 13ರಂದು ಮಣಿಪುರದ ಹಿಂಸೆಯ ಕುರಿತ ಗೊತ್ತುವಳಿ ಅಂಗೀಕಾರವಾಯಿತು. ಆದರೆ ಕೈ ಎತ್ತುವ ಮೂಲಕ. ಪರ ಯಾರು, ವಿರುದ್ಧ ಯಾರು ಎಂಬುದಕ್ಕೆ ಹೆಸರುವಾರು ದಾಖಲೆಯಿಲ್ಲ. ಅದಕ್ಕೂ ಮುನ್ನ, 2019ರ ಅಕ್ಟೋಬರ್‌ನಲ್ಲಿ ಆ ಸಂಸತ್ತಿನ ಇಪ್ಪತ್ತಕ್ಕೂ ಹೆಚ್ಚು ಸದಸ್ಯರು ಕಾಶ್ಮೀರಕ್ಕೆ ಭೇಟಿಯಿತ್ತಾಗ 'ಐರೋಪ್ಯ ನಿಯೋಗ' ಎಂಬ ಹೆಸರಿನಲ್ಲಿ ದೊಡ್ಡ ಪ್ರಚಾರ ನಡೆಯಿತು. ಅದು ಸಂಸತ್ತಿನ ಅಧಿಕೃತ ನಿಯೋಗವಾಗಿರಲಿಲ್ಲ ಮತ್ತು ಬಂದವರಲ್ಲಿ ಹೆಚ್ಚಿನವರು ಬಲಪಂಥೀಯ ಪಕ್ಷಗಳವರಾಗಿದ್ದರು. ಅವರು ತಮ್ಮ ಸದನದಲ್ಲಿ ವಲಸಿಗರ ಬಗ್ಗೆ, ಅಲ್ಪಸಂಖ್ಯಾತರ ಬಗ್ಗೆ ಹೇಗೆ ಮತ ಹಾಕುತ್ತಾರೆಂದು ನೋಡುವ ಅಭ್ಯಾಸ ನಮ್ಮ ಮಾಧ್ಯಮಗಳಿಗೆ ಇರುತ್ತಿದ್ದರೆ, ಅವರ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಓದುಗರು ತಾವೇ ನಿರ್ಧರಿಸುತ್ತಿದ್ದರು.

ಆ ಸಂಸತ್ತು ಆದರ್ಶದ ಪ್ರತಿರೂಪವೇನೂ ಅಲ್ಲ. ಒಕ್ಕೂಟದ ಕಾರ್ಯಾಂಗದ ಅಧ್ಯಕ್ಷೆಯಾಗಿ ಉರ್ಸುಲಾ ವಾನ್ ಡೆರ್ ಲೇಯನ್ 2019ರಲ್ಲಿ 383 ಮತಗಳಿಂದ, 2024ರಲ್ಲಿ 401 ಮತಗಳಿಂದ ಆಯ್ಕೆಯಾದರು. ಎರಡೂ ಬಾರಿ ಗುಪ್ತ ಮತದಾನ. ಅತಿದೊಡ್ಡ ಹುದ್ದೆಗೆ ತನ್ನ ಪ್ರತಿನಿಧಿ ಯಾರನ್ನು ಆರಿಸಿದರು ಎಂಬುದನ್ನು ಮತದಾರ ತಿಳಿಯುವಂತಿಲ್ಲ. ಆದರೆ 2025ರ ಜುಲೈ 10ರಂದು ಅವರ ವಿರುದ್ಧದ ಖಂಡನಾ ಗೊತ್ತುವಳಿ 175-360ರಿಂದ ಬಿದ್ದುಹೋದಾಗ ಪ್ರತಿ ಸದಸ್ಯರ ಹೆಸರೂ ದಾಖಲಾಯಿತು. ಕೂರಿಸುವಾಗ ಪರದೆ, ಇಳಿಸುವ ಪ್ರಶ್ನೆ ಬಂದಾಗ ಬಯಲು. ಇದಕ್ಕೇನು ಸಮರ್ಥನೆ?

ಇನ್ನು ನಮ್ಮತ್ತ ನೋಡೋಣ. ನಮ್ಮಲ್ಲಿ ಮಸೂದೆಗಳ ಮೇಲೆ ಸಾಮಾನ್ಯ ಕ್ರಮ ಧ್ವನಿಮತ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ ಅಂಗೀಕಾರವಾದದ್ದು ಹೀಗೆಯೇ. ವಿರೋಧ ಪಕ್ಷಗಳು ಮತವಿಭಜನೆ ಕೇಳಿದರೂ ಸಿಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ, 2021ರ ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಗೋಹತ್ಯೆ ನಿಷೇಧ ಮಸೂದೆ ಅಂಗೀಕಾರವಾದದ್ದೂ ಗದ್ದಲದ ನಡುವಿನ ಧ್ವನಿಮತದಿಂದ. ರೈತರ, ವ್ಯಾಪಾರಿಗಳ ಅನ್ನದ ಬಟ್ಟಲಿಗೆ ಸಂಬಂಧಿಸಿದ ಕಾನೂನುಗಳಿವು. ಆದರೆ ಯಾವ ಶಾಸಕರ ಹೆಸರನ್ನೂ ನಾವು ಬೆರಳಿಟ್ಟು ತೋರಿಸುವಂತಿಲ್ಲ, ಗದ್ದಲಕ್ಕೆ ಹೆಸರಿರುವುದಿಲ್ಲ.

ಮತವಿಭಜನೆ ನಡೆದರೂ ವಿಪ್ ಎಂಬ ಇನ್ನೊಂದು ಗೋಡೆ ಇದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ಆಜ್ಞೆ ಮೀರಿ ಮತ ಹಾಕಿದವರು ಸ್ಥಾನ ಕಳಕೊಳ್ಳಬಹುದು. ಕುದುರೆ ವ್ಯಾಪಾರ ತಡೆಯಲು ಬಂದ ಕಾನೂನು, ಪ್ರತಿನಿಧಿಗೆ ಅಡಗಿಕೊಳ್ಳುವ ಆಸರೆಯನ್ನೂ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 288-232, ರಾಜ್ಯಸಭೆಯಲ್ಲಿ 128-95 ಮತಗಳಿಂದ ಅಂಗೀಕಾರವಾಯಿತು. ರಾಜ್ಯಸಭೆಯಲ್ಲಿ ಬಿಜು ಜನತಾದಳ ತನ್ನ ಸದಸ್ಯರಿಗೆ ವಿಪ್ ನೀಡದೆ, ಆತ್ಮಸಾಕ್ಷಿಯಂತೆ ಮತ ಹಾಕಲು ಬಿಟ್ಟಿತು. ಆಗ ಮಾತ್ರ 'ಯಾರು ಹೇಗೆ ಹಾಕಿದರು' ಎಂಬ ಪ್ರಶ್ನೆಗೆ ಜೀವ ಬಂತು. ಅಂದರೆ ಹೊಣೆ ವ್ಯಕ್ತಿಯ ಹೆಗಲೇರಿದಾಗಲೇ ಜನರೂ ವ್ಯಕ್ತಿಯನ್ನು ಕೇಳುತ್ತಾರೆ.

ಆದರೂ ಎಲ್ಲ ದೋಷವನ್ನು ವ್ಯವಸ್ಥೆಯ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ಮತವಿಭಜನೆ ನಡೆದಾಗ ಲೋಕಸಭೆಯ ನಡಾವಳಿಯಲ್ಲಿ ಸದಸ್ಯರ ಹೆಸರುಗಳು ಅಚ್ಚಾಗುತ್ತವೆ. ಅವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದಾರೆ? 2005ರಿಂದ ಕೆಲಸ ಮಾಡುತ್ತಿರುವ ಪಿಆರ್‌ಎಸ್ ಎಂಬ ಸಂಸ್ಥೆ ಪ್ರತಿ ಸಂಸದರ ಹಾಜರಿ, ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳ ಲೆಕ್ಕವನ್ನು ಉಚಿತವಾಗಿ ಒದಗಿಸುತ್ತಿದೆ. ಅದನ್ನು ನೋಡಿ ಮತ ನಿರ್ಧರಿಸಿದವರು ಎಷ್ಟು ಮಂದಿ? ಮುಸ್ಲಿಮ್ ಸಮುದಾಯವಂತೂ ತನ್ನ ಪ್ರತಿನಿಧಿಗಳನ್ನು ಅಳೆಯುವುದಕ್ಕೆ ತೀರಾ ಅಗ್ಗದ ಅಳತೆಗೋಲನ್ನು ಇಟ್ಟುಕೊಂಡಿದೆ. ಇಫ್ತಾರ್ ಕೂಟಕ್ಕೆ ಬಂದರೇ, ಟೋಪಿ ಧರಿಸಿ ಫೋಟೋಗೆ ನಿಂತರೇ, ಖಬರಸ್ತಾನದ ಆವರಣ ಗೋಡೆಗೆ ಅನುದಾನ ಕೊಟ್ಟರೇ, ಮದುವೆ ಹಾಲ್‌ಗೆ ಬಂದು ಕೈಕುಲುಕಿದರೇ? ಇಷ್ಟಾದರೆ 'ನಮ್ಮವರು'. ಅವರು ಸದನದಲ್ಲಿ ಬಾಯಿ ತೆರೆದರೇ, ಮಸೂದೆ ಮತಕ್ಕೆ ಬಂದಾಗ ಒಳಗಿದ್ದರೇ ಅಥವಾ ಹೊರಗೆ ಚಹಾ ಕುಡಿಯುತ್ತಿದ್ದರೇ ಎಂದು ನಾವು ವಿಚಾರಿಸುವುದಿಲ್ಲ. ನಾವು ಖರ್ಜೂರಕ್ಕೆ ಮಾರುಹೋಗುತ್ತೇವೆಂದು ಗೊತ್ತಿರುವವರು ನಮಗೆ ಖರ್ಜೂರವನ್ನೇ ಕೊಡುತ್ತಾರೆ.

ಈ ಸ್ಥಿತಿ ಬದಲಾಗಲು ದೊಡ್ಡ ಸಂಸ್ಥೆಗಳೇ ಬೇಕೆಂದಿಲ್ಲ. ಪ್ರತಿ ಊರಲ್ಲೂ ಕಾಲೇಜು ಕಲಿತ ಯುವಕ-ಯುವತಿಯರಿದ್ದಾರೆ, ಗ್ರಂಥಾಲಯಗಳಿವೆ, ಸಂಘಟನೆಗಳಿವೆ. ತಮ್ಮ ಕ್ಷೇತ್ರದ ಶಾಸಕರು ಮತ್ತು ಸಂಸದರ ಹಾಜರಿ, ಪ್ರಶ್ನೆಗಳು, ದಾಖಲಾದ ಮತಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದಕ್ಕೆ ಅಧಿವೇಶನವೊಂದಕ್ಕೆ ಕೆಲವು ಸಂಜೆಗಳು ಸಾಕು. ಅದು ನಿಷ್ಪಕ್ಷವಾಗಿರಬೇಕು: ಮೆಚ್ಚಿನ ಪಕ್ಷದವರ ಗೈರುಹಾಜರಿಯನ್ನು ಅಳಿಸಿ, ವಿರೋಧಿಯ ಗೈರುಹಾಜರಿಗೆ ಕೆಂಪು ಗೆರೆ ಎಳೆಯುವುದಾದರೆ ಅದು ಲೆಕ್ಕವಲ್ಲ, ಪ್ರಚಾರ. ಅದು ನಮ್ಮ ಸಮುದಾಯದ ವಿಷಯಗಳಿಗೆ ಮಾತ್ರ ಸೀಮಿತವೂ ಆಗಬಾರದು. ಕಾರ್ಮಿಕರ, ರೈತರ, ವಿದ್ಯಾರ್ಥಿಗಳ ಕಾನೂನುಗಳಿಗೆ ಅವರು ಏನು ಮಾಡಿದರೆಂಬುದೂ ಅದರಲ್ಲಿರಬೇಕು. ಜೊತೆಗೆ, ಮಹತ್ವದ ಮಸೂದೆಗಳನ್ನು ಹೆಸರುವಾರು ಮತಕ್ಕೆ ಹಾಕಬೇಕೆಂಬ ಬೇಡಿಕೆಯನ್ನು ಎಲ್ಲ ಪಕ್ಷಗಳ ಮುಂದೆಯೂ ಇಡಬೇಕು. ಸದನದಲ್ಲಿ ಅದನ್ನು ಕೇಳುವ ಹಕ್ಕು ಸದಸ್ಯರಿಗಿದೆ. ಕೇಳುವಂತೆ ಅವರನ್ನು ಒತ್ತಾಯಿಸುವ ಹಕ್ಕು ನಮಗಿದೆ.

ಐದು ವರ್ಷಕ್ಕೊಮ್ಮೆ ಬೆರಳಿಗೆ ಹಚ್ಚುವ ಶಾಯಿ ಕೆಲವೇ ವಾರಗಳಲ್ಲಿ ಮಾಸಿಹೋಗುತ್ತದೆ. ಸದನದಲ್ಲಿ ಅಂಗೀಕಾರವಾದ ಕಾನೂನು ಮಾತ್ರ ನಮ್ಮ ಮಕ್ಕಳ ಬದುಕಿನಲ್ಲೂ ಮಾಸದೆ ಉಳಿಯುತ್ತದೆ. ಮುಂದಿನ ಬಾರಿ ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು ಗೌರವದಿಂದಲೇ ಕೂರಿಸೋಣ, ಚಹಾ ಕೊಡೋಣ. ಬಳಿಕ ಒಂದೇ ಒಂದು ಪ್ರಶ್ನೆ ಕೇಳೋಣ: ಕಳೆದ ಬಾರಿ ನಾವು ಕೊಟ್ಟ ಮತವನ್ನು ತಾವು ಎಲ್ಲೆಲ್ಲಿ, ಯಾವುದಕ್ಕೆಲ್ಲ ಹಾಕಿದಿರಿ?